ತಿಮಿಂಗಿಲ ಬೇಟೆಯ ನಿಷೇಧ: ಒಂದು ವ್ಯಾಪಾರದ ಲೆಕ್ಕಶೋಧನೆ

ಪ್ರಾಣಿವಧೆಯನ್ನು ರಾಜಶಾಸನದಿಂದ ತಡೆಯುವ ಪ್ರಯತ್ನವು ಭಾರತಕ್ಕೆ ಹೊಸದಲ್ಲ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ತನ್ನ ಪಟ್ಟಾಭಿಷೇಕದ 26ನೆಯ ವರ್ಷದಲ್ಲಿ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದಿದೆ. ಗಿಳಿ, ಗೊರವಂಕ, ಬಾವಲಿ, ಆಮೆಗಳ ಜೊತೆಗೆ ‘ಗಂಗಾಪುಪುಟಕ’ ಎಂಬ ಹೆಸರೂ ಅಲ್ಲಿ ಬರುತ್ತದೆ. ಅದು ಗಂಗಾನದಿಯ ಡಾಲ್ಫಿನ್ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಕಾಲ ಕಳೆದ ಮೇಲೆ, 2009ರಲ್ಲಿ, ಭಾರತ ಸರ್ಕಾರವು ಅದೇ ಡಾಲ್ಫಿನ್ನನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು.

ನದಿಯ ಡಾಲ್ಫಿನ್ನಿನ ದೊಡ್ಡ ಬಂಧುಗಳೇ ಸಾಗರದ ತಿಮಿಂಗಿಲಗಳು. ಇವು ಮೀನುಗಳಲ್ಲ, ಗರ್ಭದಲ್ಲಿ ಮರಿಯನ್ನು ಹೊತ್ತು, ಹೆತ್ತು, ಹಾಲೂಡಿಸಿ ಬೆಳೆಸುವ ಪಂಚೇಂದ್ರಿಯ ಜೀವಿಗಳು. ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಮನುಷ್ಯನು ವ್ಯಾಪಾರಕ್ಕಾಗಿ ಕೊಂದ ದೊಡ್ಡ ತಿಮಿಂಗಿಲಗಳ ಸಂಖ್ಯೆ ಸುಮಾರು 29 ಲಕ್ಷವೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಇಷ್ಟೂ ವಧೆಯು ಕಾನೂನಿಲ್ಲದ ಕಾಲದಲ್ಲಿ ನಡೆಯಿತೆಂದು ತಿಳಿಯಬಾರದು. ಅವುಗಳಲ್ಲಿ ಲಕ್ಷಾಂತರ ತಿಮಿಂಗಿಲಗಳು ಸತ್ತದ್ದು ಒಪ್ಪಂದ, ಪರವಾನಗಿ ಮತ್ತು ವಾರ್ಷಿಕ ಮಿತಿಗಳೆಲ್ಲವೂ ಜಾರಿಯಲ್ಲಿದ್ದ ದಶಕಗಳಲ್ಲಿ. ಸರ್ಕಾರಗಳು ಬಹುಕಾಲ ಕೇಳಿದ ಪ್ರಶ್ನೆ ‘ಎಷ್ಟು ಕೊಲ್ಲಬಹುದು?’ ಎಂಬುದು. ‘ಕೊಲ್ಲಬಹುದೇ?’ ಎಂಬ ಪ್ರಶ್ನೆ ಬಹಳ ತಡವಾಗಿ ಬಂದಿತು. ಮೊದಲನೆಯ ಪ್ರಶ್ನೆ ಏಕೆ ಸೋತಿತು, ಎರಡನೆಯದು ಹೇಗೆ ಹುಟ್ಟಿತು ಎಂಬುದು ವ್ಯಾಪಾರ ಮಾಡುವವರೂ ಧರ್ಮವನ್ನು ಪಾಲಿಸುವವರೂ ತಿಳಿದಿರಬೇಕಾದ ಇತಿಹಾಸ.

ಎಣ್ಣೆಯ ವ್ಯಾಪಾರ

ತಿಮಿಂಗಿಲದ ಚರ್ಮದಡಿಯಲ್ಲಿ ದಪ್ಪನಾದ ಕೊಬ್ಬಿನ ಪದರವಿರುತ್ತದೆ. ಅದನ್ನು ಕಾಯಿಸಿ ತೆಗೆದ ಎಣ್ಣೆಯಿಂದ ಮೊದಲು ದೀಪ ಉರಿಸುತ್ತಿದ್ದರು. ಸೀಮೆಎಣ್ಣೆ ಬಂದ ಮೇಲೆ ದೀಪದ ಬೇಡಿಕೆ ಕುಗ್ಗಿತು. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದ್ರವರೂಪದ ಎಣ್ಣೆಯನ್ನು ಗಟ್ಟಿ ಮಾಡುವ ವಿಧಾನ ಬಳಕೆಗೆ ಬಂದು, ತಿಮಿಂಗಿಲದ ಎಣ್ಣೆಯು ಸಾಬೂನಿಗೂ, ಬೆಣ್ಣೆಯ ಬದಲಿಗೆ ಬ್ರೆಡ್ಡಿಗೆ ಸವರುವ ಮಾರ್ಗರೀನ್ ಎಂಬ ಪದಾರ್ಥಕ್ಕೂ ಕಚ್ಚಾಸಾಮಗ್ರಿಯಾಯಿತು. ಯೂರೋಪಿನ ಸಾಮಾನ್ಯ ಸಂಸಾರಗಳು ತಾವು ಏನನ್ನು ತಿನ್ನುತ್ತಿದ್ದೇವೆಂಬ ಅರಿವಿಲ್ಲದೆಯೇ ಈ ಬೇಟೆಯ ಗಿರಾಕಿಗಳಾದವು.

ಬೇಟೆಯ ಸಾಧನಗಳೂ ಬದಲಾದವು. ನಾರ್ವೆಯ ಸ್ವೆನ್ ಫಾಯಿನ್ ಎಂಬಾತನು 1870ರ ಸುಮಾರಿಗೆ, ತೋಪಿನಿಂದ ಹಾರಿ ಪ್ರಾಣಿಯ ದೇಹದೊಳಗೆ ಸಿಡಿಯುವ ಈಟಿಯನ್ನು ಬಳಕೆಗೆ ತಂದನು. 1904ರಲ್ಲಿ ಕಾರ್ಲ್ ಆಂಟನ್ ಲಾರ್ಸನ್ ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್ವಿಕೆನ್‌ನಲ್ಲಿ ಬೇಟೆಯ ಠಾಣೆಯನ್ನು ತೆರೆದನು. 1925ರಿಂದ, ಹಿಂಬದಿಯ ಇಳಿಜಾರಿನ ಮೂಲಕ ಇಡೀ ತಿಮಿಂಗಿಲವನ್ನೇ ಒಳಗೆಳೆದುಕೊಂಡು ಸಮುದ್ರಮಧ್ಯದಲ್ಲಿಯೇ ಎಣ್ಣೆ ತೆಗೆಯುವ ಕಾರ್ಖಾನೆ ಹಡಗುಗಳು ಬಂದವು. ಅಲ್ಲಿಂದ ಮುಂದೆ ಯಾವ ದೇಶದ ಕಾನೂನೂ ತಲುಪದ ಜಾಗದಲ್ಲಿ ಬೇಟೆ ನಡೆಯತೊಡಗಿತು. 1930–31ರ ಒಂದೇ ಋತುವಿನಲ್ಲಿ ಅಂಟಾರ್ಕ್ಟಿಕ ಸಮುದ್ರದಲ್ಲಿ 29,000ಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳು ಹತವಾದವು. ಭೂಮಿಯ ಮೇಲೆ ಬದುಕಿರುವ ಜೀವಿಗಳಲ್ಲೆಲ್ಲ ಅತಿ ದೊಡ್ಡದು ಇದೇ. ಆ ವರ್ಷ ಎಣ್ಣೆ ಮಾರುಕಟ್ಟೆಯಲ್ಲಿ ತುಂಬಿ ತುಳುಕಿ ಬೆಲೆ ಕುಸಿಯಿತು. ಮರುವರ್ಷ ನಾರ್ವೆಯ ಹಡಗುಗಳು ಬಂದರಿನಲ್ಲಿಯೇ ಉಳಿದವು. ವಧೆಗೆ ಮೊದಲ ತಡೆಯನ್ನು ಒಡ್ಡಿದ್ದು ಧರ್ಮವಲ್ಲ, ಶಾಸನವೂ ಅಲ್ಲ, ಬೆಲೆಯ ಕುಸಿತ.

ಲಂಡನ್ನಿನ ಲೆಕ್ಕದ ಮೇಜು

ಎರಡನೆಯ ಮಹಾಯುದ್ಧದ ನಂತರ, 1946ರ ಡಿಸೆಂಬರ್ 2ರಂದು, 15 ರಾಷ್ಟ್ರಗಳು ವಾಷಿಂಗ್ಟನ್ನಿನಲ್ಲಿ ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಫಲವಾಗಿ ಹುಟ್ಟಿದ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗದ ಮೊದಲ ಸಭೆ 1949ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಒಪ್ಪಂದದ ಪೀಠಿಕೆಯು ತನ್ನ ಉದ್ದೇಶವನ್ನು ಮುಚ್ಚಿಡಲಿಲ್ಲ. ತಿಮಿಂಗಿಲಗಳನ್ನು ಉಳಿಸಬೇಕಾದದ್ದು ಬೇಟೆಯ ಉದ್ಯಮವು ಕ್ರಮಬದ್ಧವಾಗಿ ಬೆಳೆಯಲೆಂದು.

ಅಂಟಾರ್ಕ್ಟಿಕ ಸಮುದ್ರಕ್ಕೆ ವಾರ್ಷಿಕ ಮಿತಿಯನ್ನು 16,000 ‘ನೀಲಿ ತಿಮಿಂಗಿಲ ಘಟಕ’ಗಳೆಂದು ಗೊತ್ತುಪಡಿಸಲಾಯಿತು. ಒಂದು ನೀಲಿ ತಿಮಿಂಗಿಲವೆಂದರೆ ಒಂದು ಘಟಕ. ಎರಡು ಫಿನ್ ತಿಮಿಂಗಿಲಗಳು, ಇಲ್ಲವೇ ಎರಡೂವರೆ ಗೂನುಬೆನ್ನಿನ ತಿಮಿಂಗಿಲಗಳು, ಇಲ್ಲವೇ ಆರು ಸೇಯ್ ತಿಮಿಂಗಿಲಗಳು ಒಂದು ಘಟಕಕ್ಕೆ ಸಮ. ಈ ಸರಿಸಮಾನತೆಗೆ ಆಧಾರ ಅವುಗಳಿಂದ ದೊರೆಯುವ ಎಣ್ಣೆಯ ಪ್ರಮಾಣ. ಜೀವಂತ ಪ್ರಾಣಿಯನ್ನು ಪೀಪಾಯಿಯ ಅಳತೆಗೆ ಇಳಿಸಿದ ಈ ಪದ್ಧತಿಯು ಲೆಕ್ಕಪತ್ರದ ದೃಷ್ಟಿಯಿಂದ ಬಲು ಅನುಕೂಲವಾದದ್ದು, ಪರಿಣಾಮದಲ್ಲಿ ಘೋರವಾದದ್ದು. ಅಳಿವಿನ ಅಂಚಿನಲ್ಲಿದ್ದ ಜಾತಿ ಯಾವುದು, ಸುಸ್ಥಿತಿಯಲ್ಲಿದ್ದ ಜಾತಿ ಯಾವುದು ಎಂಬ ಭೇದವೇ ಖಾತೆಯಲ್ಲಿ ಕಾಣಿಸಲಿಲ್ಲ. ಒಂದೇ ಪ್ರಾಣಿಯಿಂದ ಪೂರ್ಣ ಘಟಕ ಸಿಗುವಾಗ ನೀಲಿ ತಿಮಿಂಗಿಲವನ್ನು ಕಂಡ ಹಡಗು ಅದನ್ನು ಬಿಡುತ್ತಿರಲಿಲ್ಲ. ಮೇಲಾಗಿ ಮಿತಿಯು ಎಲ್ಲ ದೇಶಗಳಿಗೂ ಒಟ್ಟಿಗೆ ಸೇರಿದ್ದು. ಒಟ್ಟು ಸಂಖ್ಯೆ ಮುಟ್ಟಿದ ದಿನ ಋತು ಮುಗಿಯುತ್ತಿತ್ತು. ಆದುದರಿಂದ ಇತರರಿಗಿಂತ ಮೊದಲು ದೋಚಿಕೊಳ್ಳಲು ಪ್ರತಿಯೊಂದು ದೇಶವೂ ಇನ್ನಷ್ಟು ವೇಗದ ಹಡಗುಗಳನ್ನು ಕಟ್ಟಿಸಿತು. ನಿರ್ಣಯವು ಒಪ್ಪಿಗೆಯಾಗದಿದ್ದರೆ ಆಕ್ಷೇಪ ಸಲ್ಲಿಸಿ ಅದರಿಂದ ಹೊರಗುಳಿಯುವ ಹಕ್ಕೂ ಸದಸ್ಯರಿಗಿತ್ತು.

ಶಾಲಿಸಿಕ್ಥ ಮತ್ಸ್ಯದ ಕಥೆಯನ್ನು ಅರಿಯದ ಜೈನ ಮನೆ ವಿರಳ. ಕುಂದಕುಂದಾಚಾರ್ಯರ ಭಾವಪಾಹುಡದಲ್ಲಿಯೂ ಅದರ ಉಲ್ಲೇಖವಿದೆ. ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ ಅಕ್ಕಿಕಾಳಿನಷ್ಟು ಚಿಕ್ಕ ಮೀನು ಅದು. ಮಹಾಮತ್ಸ್ಯದ ತೆರೆದ ಬಾಯಿಯೊಳಗೆ ಬಂದು ಹೋಗುವ ಜೀವಿಗಳನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಅದು ಯೋಚಿಸುತ್ತದೆ. ಒಂದು ಜೀವಿಯನ್ನೂ ಕೊಲ್ಲದೆ, ಕೇವಲ ಭಾವದಿಂದಲೇ ಅದು ನರಕಕ್ಕೆ ಹೋಗುತ್ತದೆ. ಲಂಡನ್ನಿನ ಮೇಜಿನ ಸುತ್ತ ಕುಳಿತು ಘಟಕಗಳನ್ನು ಹಂಚಿಕೊಂಡವರ ಕೈಗೆ ರಕ್ತ ಅಂಟಿರಲಿಲ್ಲ. ಈಟಿಯನ್ನು ಅವರು ಮುಟ್ಟಿದವರೂ ಅಲ್ಲ. ಕೃತ, ಕಾರಿತ, ಅನುಮೋದನೆ ಎಂಬ ವಿಭಾಗವನ್ನು ಬಲ್ಲವರಿಗೆ ಅವರ ಪಾಲು ಎಷ್ಟೆಂದು ವಿವರಿಸಬೇಕಾಗಿಲ್ಲ.

ಆಯೋಗವು 1960ರಲ್ಲಿ ಮೂವರು ಪರಿಣತರ ಸಮಿತಿಯೊಂದನ್ನು ರಚಿಸಲು ತೀರ್ಮಾನಿಸಿತು. 1963ರಲ್ಲಿ ಅವರು ಕೊಟ್ಟ ವರದಿ ಸ್ಪಷ್ಟವಾಗಿತ್ತು: ನೀಲಿ ಮತ್ತು ಗೂನುಬೆನ್ನಿನ ತಿಮಿಂಗಿಲಗಳ ಬೇಟೆ ಪೂರ್ಣವಾಗಿ ನಿಲ್ಲಬೇಕು, ಘಟಕಗಳ ಪದ್ಧತಿ ರದ್ದಾಗಬೇಕು. ಆದರೂ ಮುಂದಿನ ಋತುವಿಗೆ 10,000 ಘಟಕಗಳ ಮಿತಿ ನಿಗದಿಯಾಯಿತು. ಹಡಗುಗಳಿಗೆ ಅಷ್ಟು ತಿಮಿಂಗಿಲಗಳು ಸಿಗಲೇ ಇಲ್ಲ. ಘಟಕಗಳ ಪದ್ಧತಿಯು ಕೊನೆಗೊಂಡದ್ದು 1972ರಲ್ಲಿ. ಬೇಟೆ ಆರಂಭವಾಗುವ ಮುನ್ನ ಅಂಟಾರ್ಕ್ಟಿಕದಲ್ಲಿ ಸುಮಾರು 2,39,000 ನೀಲಿ ತಿಮಿಂಗಿಲಗಳಿದ್ದವೆಂದೂ, 1973ರ ವೇಳೆಗೆ ಉಳಿದದ್ದು ಸುಮಾರು 360 ಮಾತ್ರವೆಂದೂ ನಂತರದ ಸಂಶೋಧನೆ ಅಂದಾಜು ಮಾಡಿದೆ.

ಅಸಲು ಮತ್ತು ಬಡ್ಡಿ

ಬಡ್ಡಿಯನ್ನು ತಿನ್ನಬೇಕು, ಅಸಲನ್ನು ಮುಟ್ಟಬಾರದು ಎಂಬುದು ಎಲ್ಲ ವ್ಯಾಪಾರಿಗಳ ಹಿರಿಯರೂ ಹೇಳಿಕೊಟ್ಟ ಪಾಠ. ತಿಮಿಂಗಿಲದ ಉದ್ಯಮವು ಅಸಲನ್ನೇ ತಿಂದುದರಿಂದ ಕೆಟ್ಟಿತು, ವಿವೇಕದಿಂದ ಬಡ್ಡಿಯಷ್ಟನ್ನು ಮಾತ್ರ ಕೊಂದಿದ್ದರೆ ಉದ್ಯಮವೂ ಉಳಿಯುತ್ತಿತ್ತು, ತಿಮಿಂಗಿಲಗಳೂ ಉಳಿಯುತ್ತಿದ್ದವು ಎಂದು ಬಹುಮಂದಿ ವಾದಿಸಿದರು. ಮೇಲುನೋಟಕ್ಕೆ ಇದು ಸರಿಯೆನಿಸುತ್ತದೆ.

ಕೆನಡಾದ ಗಣಿತಜ್ಞ ಕಾಲಿನ್ ಕ್ಲಾರ್ಕ್ 1973ರಲ್ಲಿ ಈ ವಾದದ ಬುಡಕ್ಕೆ ಕೈ ಹಾಕಿದರು. ತಿಮಿಂಗಿಲವು ನಿಧಾನವಾಗಿ ಬೆಳೆದು ನಿಧಾನವಾಗಿ ಮರಿ ಹಾಕುವ ಪ್ರಾಣಿ. ಅದರ ಸಂತತಿಯು ವರ್ಷಕ್ಕೆ ನೂರಕ್ಕೆ ಕೆಲವೇ ಪಾಲಿನಷ್ಟು ಹೆಚ್ಚುತ್ತದೆ. ಅದಕ್ಕಿಂತ ಹೆಚ್ಚಿನ ಲಾಭವು ಬೇರೆ ಉದ್ಯಮದಲ್ಲಿ ದೊರೆಯುವುದಾದರೆ, ಎಲ್ಲ ತಿಮಿಂಗಿಲಗಳನ್ನೂ ಬೇಗನೆ ಕೊಂದು ಹಣ ಮಾಡಿಕೊಂಡು, ಆ ಹಣವನ್ನು ಅಲ್ಲಿ ತೊಡಗಿಸುವುದೇ ಉದ್ಯಮಿಗೆ ಲಾಭದಾಯಕ. ಸಾಗರವು ಒಬ್ಬನೇ ಒಡೆಯನ ಸ್ವತ್ತಾಗಿದ್ದರೂ ಈ ಲೆಕ್ಕ ಬದಲಾಗಬೇಕಾಗಿಲ್ಲ. ಕ್ಲಾರ್ಕ್ ಇದನ್ನು ಸಮರ್ಥಿಸಲಿಲ್ಲ, ಎಚ್ಚರಿಕೆಯಾಗಿ ತೋರಿಸಿದರು. ಲಾಭದ ಲೆಕ್ಕವನ್ನು ತಪ್ಪಿಲ್ಲದೆ ಮಾಡಿದರೂ ಅದು ಒಂದು ಜೀವಜಾತಿಯ ನಿರ್ನಾಮವನ್ನು ಸೂಚಿಸಬಹುದು. ಆದುದರಿಂದ ವ್ಯಾಪಾರಿಯ ಜಾಣತನವೊಂದೇ ಜೀವರಕ್ಷಣೆಗೆ ಸಾಲದು.

ಕೂಟಲೇಖ

ಆ ಲೆಕ್ಕವಾದರೂ ಪ್ರಾಮಾಣಿಕವಾಗಿತ್ತೇ? 1972ರವರೆಗೂ ಪ್ರತಿ ಕಾರ್ಖಾನೆ ಹಡಗಿನ ಮೇಲೆ ತಪಾಸಣೆಗಿದ್ದವರು ಆಯಾ ದೇಶದವರೇ. ಸೋವಿಯತ್ ಒಕ್ಕೂಟದ ಪತನದ ನಂತರ, 1993ರಲ್ಲಿ, ರಷ್ಯಾದ ವಿಜ್ಞಾನಿ ಅಲೆಕ್ಸಿ ಯಾಬ್ಲೊಕೋವ್ ಒಂದು ರಹಸ್ಯವನ್ನು ಬಹಿರಂಗಪಡಿಸಿದರು. ಸೋವಿಯತ್ ಹಡಗುಗಳು ದಶಕಗಳ ಕಾಲ ಆಯೋಗಕ್ಕೆ ಸುಳ್ಳು ಅಂಕಿಗಳನ್ನು ಸಲ್ಲಿಸಿದ್ದವು. ದಕ್ಷಿಣ ಗೋಳಾರ್ಧದಲ್ಲಿ ತಾವು ಕೊಂದ ಗೂನುಬೆನ್ನಿನ ತಿಮಿಂಗಿಲಗಳು 2,710 ಎಂದು ಅವು ವರದಿ ಮಾಡಿದ್ದವು. ನಿಜವಾದ ಸಂಖ್ಯೆ 48,000ಕ್ಕೂ ಹೆಚ್ಚು. ಎಲ್ಲ ಜಾತಿಗಳನ್ನೂ ಸೇರಿಸಿದರೆ ಹೀಗೆ ಮುಚ್ಚಿಟ್ಟ ವಧೆಯು ಸುಮಾರು 1,80,000. ಈ ವಧೆಯ ಬಹುಭಾಗಕ್ಕೆ ಹಸಿವೆಯಾಗಲಿ ಎಣ್ಣೆಯ ಅಗತ್ಯವಾಗಲಿ ಕಾರಣವಲ್ಲ. ಯೋಜನೆಯ ಗುರಿಯನ್ನು ಮುಟ್ಟಿದೆವೆಂದು ತೋರಿಸಬೇಕಾಗಿತ್ತು. ಹಡಗುಗಳಲ್ಲಿದ್ದ ಕೆಲವು ಜೀವವಿಜ್ಞಾನಿಗಳು ನಿಜವಾದ ದಾಖಲೆಗಳನ್ನು ಗುಟ್ಟಾಗಿ ಕಾಪಾಡಿಕೊಂಡಿದ್ದರಿಂದ ಈ ಸತ್ಯ ಹೊರಬಂದಿತು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ಯನ್ನು, ಅಂದರೆ ಸುಳ್ಳು ಪತ್ರ ಬರೆಯುವುದನ್ನು, ಸೇರಿಸಿದೆ. ಸುಳ್ಳು ಲೆಕ್ಕವು ಮಾತಿನ ದೋಷವಷ್ಟೇ ಅಲ್ಲ, ಹಿಂಸೆಗೆ ಹೊದಿಸಿದ ಮುಸುಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. ಈ ಪಾಪದ ಒಂದು ತುದಿ ಭಾರತದ ಸಮುದ್ರವನ್ನೂ ಮುಟ್ಟುತ್ತದೆ. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ತೀರದಾಚೆ 240ರಷ್ಟು ಗೂನುಬೆನ್ನಿನ ತಿಮಿಂಗಿಲಗಳನ್ನು ಅಕ್ರಮವಾಗಿ ಕೊಂದವು. ಅರಬ್ಬಿ ಸಮುದ್ರದ ಈ ತಿಮಿಂಗಿಲಗಳು ತಮ್ಮ ಜಾತಿಯ ಇತರವುಗಳಂತೆ ಧ್ರುವಪ್ರದೇಶಕ್ಕೆ ವಲಸೆ ಹೋಗದೆ ವರ್ಷವಿಡೀ ಇಲ್ಲಿಯೇ ಇರುತ್ತವೆ. ಒಮಾನ್ ತೀರದ ಸಮೀಕ್ಷೆಯಲ್ಲಿ ಅವುಗಳ ಸಂಖ್ಯೆ ನೂರಕ್ಕಿಂತಲೂ ಕಡಿಮೆಯೆಂದು ಕಂಡುಬಂದಿತು.

ಆಲ್ಬನಿಯ ಪ್ರಶ್ನೆ

ಆಯೋಗದ ಲೆಕ್ಕಗಳು ಹೀಗೆ ಸೋಲುತ್ತಿದ್ದಾಗ, ಬೇರೊಂದು ಬಗೆಯ ಪ್ರಶ್ನೆಯನ್ನು ಕೇಳುವ ಧೈರ್ಯವನ್ನು ಆಸ್ಟ್ರೇಲಿಯಾ ತೋರಿತು. ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿ ಎಂಬ ಬಂದರು ಪಟ್ಟಣದ ಬಳಿ 1952ರಿಂದ ಒಂದು ಬೇಟೆಯ ಠಾಣೆಯಿತ್ತು. 1963ರಲ್ಲಿ ಗೂನುಬೆನ್ನಿನ ತಿಮಿಂಗಿಲಗಳ ಬೇಟೆ ನಿಷಿದ್ಧವಾದ ಮೇಲೆ ಅಲ್ಲಿ ಸ್ಪರ್ಮ್ ತಿಮಿಂಗಿಲಗಳನ್ನೇ ಕೊಲ್ಲುತ್ತಿದ್ದರು. ಅವುಗಳ ಎಣ್ಣೆಯು ಚರ್ಮ ಹದಮಾಡಲು ಮತ್ತು ಯಂತ್ರಗಳ ಸವೆತ ತಡೆಯಲು ಬೇಕಾಗಿತ್ತು. ಠಾಣೆಯು ತನ್ನ ಆಯುಷ್ಯದಲ್ಲಿ 14,000ಕ್ಕೂ ಹೆಚ್ಚು ಸ್ಪರ್ಮ್ ತಿಮಿಂಗಿಲಗಳನ್ನು ಕೊಂದಿತು. ಸುಮಾರು ನೂರು ಮಂದಿಗೆ ಅದು ಜೀವನಾಧಾರವಾಗಿತ್ತು. 1977ರಲ್ಲಿ ಪ್ರತಿಭಟನಕಾರರು ರಬ್ಬರ್ ದೋಣಿಗಳಲ್ಲಿ ಹೋಗಿ ಈಟಿಗೂ ತಿಮಿಂಗಿಲಕ್ಕೂ ನಡುವೆ ನಿಂತರು. 1978ರಲ್ಲಿ ಪ್ರಧಾನಿ ಮಾಲ್ಕಮ್ ಫ್ರೇಸರ್ ಅವರ ಸರ್ಕಾರವು ನಿವೃತ್ತ ನ್ಯಾಯಮೂರ್ತಿ ಸರ್ ಸಿಡ್ನಿ ಫ್ರಾಸ್ಟ್ ಅವರನ್ನು ವಿಚಾರಣೆಗೆ ನೇಮಿಸಿತು.

ವಿಚಾರಣೆಯು ತಿಮಿಂಗಿಲಗಳ ಸಂಖ್ಯೆಯನ್ನು ಮಾತ್ರ ನೋಡಲಿಲ್ಲ. ತತ್ತ್ವಶಾಸ್ತ್ರಜ್ಞ ಪೀಟರ್ ಸಿಂಗರ್ ಸಂರಕ್ಷಣಾ ಸಂಘಟನೆಯೊಂದರ ಪರವಾಗಿ ಹೇಳಿಕೆ ಸಲ್ಲಿಸಿದರು. ಜಾತಿಯು ಅಳಿಯುತ್ತಿದೆಯೆಂಬ ವಾದವನ್ನು ಅವರು ಇತರರಿಗೆ ಬಿಟ್ಟರು. ತಿಮಿಂಗಿಲವು ಸಂಗಾತಿಗಳೊಡನೆ ಬಾಳುವ ಪ್ರಾಣಿ. ಅದಕ್ಕೆ ಸುಖವಿದೆ, ನೋವಿದೆ, ಬಳಗದಲ್ಲೊಂದು ಸತ್ತರೆ ಉಳಿದವಕ್ಕೆ ಸಂಕಟವೂ ಇರಬಹುದು. ಇದೇ ಕೊಲ್ಲದಿರಲು ಕಾರಣವೆಂದು ಅವರು ವಾದಿಸಿದರು. 1978ರ ಡಿಸೆಂಬರ್‌ನಲ್ಲಿ ಬಂದ ಫ್ರಾಸ್ಟ್ ವರದಿಯು, ಮಿತವಾಗಿ ಬಳಸಿಕೊಳ್ಳುವ ನೀತಿಯನ್ನು ಬಿಟ್ಟು ಪೂರ್ಣರಕ್ಷಣೆಯ ನೀತಿಯನ್ನು ಹಿಡಿಯಬೇಕೆಂದು ಶಿಫಾರಸು ಮಾಡಿತು. ಸಿಡಿಮದ್ದಿನ ಈಟಿಯಿಂದಾಗುವ ಸಾವು ಕ್ರೂರವಾದದ್ದು. ಈ ಪ್ರಾಣಿಗಳು ಬುದ್ಧಿಶಾಲಿಗಳಾಗಿರುವ ಸಂಭವವನ್ನು ಅಲಕ್ಷಿಸಲಾಗದು. ಅವುಗಳಿಂದ ಬರುವ ಪದಾರ್ಥಗಳಿಗೆಲ್ಲ ಬದಲಿಗಳಿವೆ. ಇವು ಅದರ ಮುಖ್ಯ ಕಾರಣಗಳು. 1979ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ಒಪ್ಪಿಕೊಂಡಿತು. 1980ರಲ್ಲಿ ತಿಮಿಂಗಿಲ ರಕ್ಷಣಾ ಕಾಯಿದೆ ಬಂದಿತು.

ಇಲ್ಲಿ ಒಂದು ಅಂಶವನ್ನು ಮರೆಯಬಾರದು. ಆಲ್ಬನಿಯ ಕೊನೆಯ ಬೇಟೆ ನಡೆದದ್ದು 1978ರ ನವೆಂಬರ್ 20ರಂದು, ಅಂದರೆ ವರದಿಗಿಂತ ಮೊದಲು, ಕಾಯಿದೆಗಿಂತ ಬಹಳ ಮೊದಲು. ಅಮೆರಿಕವು 1970ರ ದಶಕದ ಆರಂಭದಲ್ಲಿಯೇ ತಿಮಿಂಗಿಲ ಪದಾರ್ಥಗಳ ಆಮದನ್ನು ನಿಲ್ಲಿಸಿತ್ತು. ಬದಲಿ ಎಣ್ಣೆಗಳು ಬಂದಿದ್ದವು. ಇಂಧನದ ಬೆಲೆ ಏರಿತ್ತು. ಕೊಳ್ಳುವವರು ಕಡಿಮೆಯಾದುದರಿಂದ ಕಂಪನಿಯು ತಾನೇ ಬಾಗಿಲು ಹಾಕಿತು. ಇಂದು ಆ ಠಾಣೆ ವಸ್ತುಸಂಗ್ರಹಾಲಯವಾಗಿದೆ. ಅದೇ ಕಡಲಿಗೆ ಜನರು ದೋಣಿಗಳಲ್ಲಿ ಹೋಗಿ ಜೀವಂತ ತಿಮಿಂಗಿಲಗಳನ್ನು ನೋಡಿ ಬರುತ್ತಾರೆ.

1982ರ ನಿರ್ಣಯ ಮತ್ತು ಅನಂತರ

1972ರಲ್ಲಿ ಸ್ಟಾಕ್‌ಹೋಮ್‌ನ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನವು ಹತ್ತು ವರ್ಷಗಳ ಬೇಟೆ ವಿರಾಮಕ್ಕೆ ಕರೆ ಕೊಟ್ಟಿತ್ತು. 1979ರಲ್ಲಿ ಪುಟ್ಟ ದ್ವೀಪರಾಷ್ಟ್ರವಾದ ಸೇಷೆಲ್ಸ್ ಮಂಡಿಸಿದ ಸೂಚನೆಯಂತೆ ಆಯೋಗವು ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮವೆಂದು ಘೋಷಿಸಿತು. ಕಾರವಾರ, ಮಲ್ಪೆ, ಮಂಗಳೂರುಗಳ ಮುಂದಿರುವ ಅರಬ್ಬಿ ಸಮುದ್ರವೂ ಅದರೊಳಗಿದೆ. ಭಾರತವು 1981ರಲ್ಲಿ ಆಯೋಗದ ಸದಸ್ಯತ್ವ ಪಡೆಯಿತು. 1982ರ ಜುಲೈನಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆದ ಸಭೆಯಲ್ಲಿ ವಾಣಿಜ್ಯ ಬೇಟೆಗೆ ಸಂಪೂರ್ಣ ವಿರಾಮ ಹೇಳುವ ನಿರ್ಣಯವು 25–7 ಮತಗಳಿಂದ ಅಂಗೀಕಾರವಾಯಿತು. ಐದು ರಾಷ್ಟ್ರಗಳು ತಟಸ್ಥವಾಗಿದ್ದವು. ಭಾರತವು ನಿರ್ಣಯದ ಪರವಾಗಿ ಮತ ನೀಡಿತು. 1985–86ರ ಋತುವಿನಿಂದ ಅದು ಜಾರಿಗೆ ಬಂದಿತು.

ನಿಷೇಧವು ಪೂರ್ಣವಾಗಿ ಪಾಲನೆಯಾಗಲಿಲ್ಲ. ಆಕ್ಷೇಪದ ಹಕ್ಕನ್ನು ಹಿಡಿದು ನಾರ್ವೆ 1993ರಲ್ಲಿ ವಾಣಿಜ್ಯ ಬೇಟೆಯನ್ನು ಪುನರಾರಂಭಿಸಿತು. ಜಪಾನ್ ವೈಜ್ಞಾನಿಕ ಸಂಶೋಧನೆಯ ಹೆಸರಿನಲ್ಲಿ ಮುಂದುವರಿಸಿತು. ಆಸ್ಟ್ರೇಲಿಯಾ ಹೂಡಿದ ದಾವೆಯಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವು 2014ರ ಮಾರ್ಚ್ 31ರಂದು, ಅಂಟಾರ್ಕ್ಟಿಕದಲ್ಲಿ ಜಪಾನ್ ಕೊಟ್ಟ ಪರವಾನಗಿಗಳು ಸಂಶೋಧನೆಯ ಉದ್ದೇಶದವಲ್ಲವೆಂದು 12–4ರ ಬಹುಮತದಿಂದ ತೀರ್ಪಿತ್ತಿತು. ಬಹುಮತದಲ್ಲಿ ಭಾರತದ ನ್ಯಾಯಮೂರ್ತಿ ದಲವೀರ್ ಭಂಡಾರಿ ಅವರೂ ಇದ್ದರು. 2019ರಲ್ಲಿ ಜಪಾನ್ ಆಯೋಗವನ್ನೇ ತೊರೆದು ತನ್ನ ಸಮುದ್ರದಲ್ಲಿ ಬಹಿರಂಗವಾಗಿ ಬೇಟೆಗೆ ಇಳಿಯಿತು. ಐಸ್‌ಲ್ಯಾಂಡ್ ಸರ್ಕಾರವು, ಈಟಿ ತಗುಲಿದ ಕೆಲವು ತಿಮಿಂಗಿಲಗಳು ಸಾಯಲು ಎರಡು ಗಂಟೆಗಳವರೆಗೂ ನರಳಿದವೆಂಬ ಅಧಿಕೃತ ವರದಿಯನ್ನು ನೋಡಿ, 2023ರ ಜೂನ್‌ನಲ್ಲಿ ಬೇಟೆಯನ್ನು ತಡೆಹಿಡಿಯಿತು. 2024ರ ಡಿಸೆಂಬರ್‌ನಲ್ಲಿ ಮತ್ತೆ ಪರವಾನಗಿ ಕೊಟ್ಟಿತು.

ಇಷ್ಟಾದರೂ ನಿಷೇಧವು ವ್ಯರ್ಥವಾಗಲಿಲ್ಲ. ನೈಋತ್ಯ ಅಟ್ಲಾಂಟಿಕ್ ಸಾಗರದಲ್ಲಿ ಒಮ್ಮೆ 450ರಷ್ಟಕ್ಕೆ ಇಳಿದಿದ್ದ ಗೂನುಬೆನ್ನಿನ ತಿಮಿಂಗಿಲಗಳು ಈಗ ಸುಮಾರು 25,000ಕ್ಕೆ ಏರಿವೆ. ಅಂಟಾರ್ಕ್ಟಿಕದ ನೀಲಿ ತಿಮಿಂಗಿಲಗಳೂ ನಿಧಾನವಾಗಿ ಚೇತರಿಸಿಕೊಳ್ಳುತ್ತಿವೆ.

ಶ್ರಾವಕರ ಮುಂದಿರುವ ಪ್ರಶ್ನೆ

ಗೋವನ್ನೂ ಕಾಂಗರೂವನ್ನೂ ಕೊಂದು ತಿನ್ನುವವರು ತಿಮಿಂಗಿಲದ ವಿಷಯದಲ್ಲಿ ಮಾತ್ರ ಉಪದೇಶ ಮಾಡುವುದು ಯಾವ ನ್ಯಾಯವೆಂದು ಬೇಟೆಯ ಪಕ್ಷದವರು ಕೇಳುತ್ತಾರೆ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದರಿಂದ ತಿಮಿಂಗಿಲವನ್ನೂ ಕೊಲ್ಲಬಹುದೆಂಬ ತೀರ್ಮಾನ ಹೊರಡುವುದಿಲ್ಲ. ಫ್ರಾಸ್ಟ್ ಕೇಳಿದ ಪ್ರಶ್ನೆಯನ್ನು ಉಳಿದ ಪ್ರಾಣಿಗಳ ವಿಷಯದಲ್ಲಿಯೂ ಕೇಳಬೇಕೆಂಬ ತೀರ್ಮಾನ ಹೊರಡುತ್ತದೆ. ನೋವು, ಬದಲಿಯ ಲಭ್ಯತೆ, ಸಂಶಯವಿದ್ದಲ್ಲಿ ಜೀವದ ಪಕ್ಷ: ಈ ಮೂರು ಒರೆಗಲ್ಲುಗಳು ತಿಮಿಂಗಿಲಕ್ಕೆ ಮಾತ್ರ ಮೀಸಲಾದವಲ್ಲ.

ಜೈನ ಆಚಾರಶಾಸ್ತ್ರವು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಬೇಟೆಯು ಸಂಕಲ್ಪಿ ಹಿಂಸೆ; ಗೃಹಸ್ಥನಿಗೂ ಅದು ಸರ್ವಥಾ ತ್ಯಾಜ್ಯ. ಆದರೆ ಈಗ ತಿಮಿಂಗಿಲ ಮತ್ತು ಡಾಲ್ಫಿನ್‌ಗಳಿಗೆ ಈಟಿಗಿಂತ ದೊಡ್ಡ ಮೃತ್ಯು ಮೀನಿನ ಬಲೆ. ಬೇರೆ ಮೀನಿಗಾಗಿ ಬೀಸಿದ ಬಲೆಗಳಲ್ಲಿ ಸಿಕ್ಕಿ ವರ್ಷಕ್ಕೆ ಸುಮಾರು 3,00,000 ಸಾಯುತ್ತವೆಂಬ ಅಂದಾಜಿದೆ. ಅವುಗಳನ್ನು ಕೊಲ್ಲಬೇಕೆಂದು ಯಾರೂ ಬಯಸಿಲ್ಲ. ಪ್ರಮಾದವನ್ನು ಹಿಂಸೆಯ ಮೂಲವೆಂದು ಆಚಾರ್ಯರು ಏಕೆ ಹೇಳಿದರೆಂಬುದು ಇಲ್ಲಿ ಅರ್ಥವಾಗುತ್ತದೆ.

ಹಾಗೆಂದು ಇದು ಕಡಲಿನವರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಉಂಟಾಗುವ ಅಂಬರ್‌ಗ್ರಿಸ್ ಎಂಬ ಪದಾರ್ಥವನ್ನು ಸುಗಂಧದ್ರವ್ಯಕ್ಕೆ ಬಳಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಭಾರತದಲ್ಲಿ ಅದರ ವ್ಯಾಪಾರ ಅಪರಾಧ. ಆದರೂ ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ‘ತಿಮಿಂಗಿಲದ ವಾಂತಿ’ಯೆಂದು ಮಾರಲು ಹೊರಟವರನ್ನು ಪೊಲೀಸರು ಬಂಧಿಸಿದ ಸುದ್ದಿಗಳು ಬಂದಿವೆ. ಕೊಳ್ಳುವವನೊಬ್ಬ ಇರುವವರೆಗೆ ಮಾರುವವನೂ ಇರುತ್ತಾನೆ. ಅತ್ತರಿನ ಅಂಗಡಿಯಲ್ಲಿ, ಚರ್ಮದ ಸರಕಿನಲ್ಲಿ, ಷೇರುಗಳ ಖರೀದಿಯಲ್ಲಿ, ಬಸದಿಯ ನಿಧಿಯನ್ನು ಠೇವಣಿಯಿಡುವ ಆಡಳಿತ ಮಂಡಳಿಯ ಸಭೆಯಲ್ಲಿ, ಈ ಹಣ ಯಾವ ಉದ್ಯಮಕ್ಕೆ ಹೋಗುತ್ತದೆಯೆಂದು ಕೇಳಬೇಕಾದವರು ಶ್ರಾವಕರೇ. ಬಡ್ಡಿಯ ದರವನ್ನು ಮಾತ್ರ ಕೇಳಿ ಎದ್ದುಬಂದವರು ಲಂಡನ್ನಿನ ಆ ಮೇಜಿನಿಂದ ಬಹುದೂರದಲ್ಲಿ ಇರುವವರಲ್ಲ.

ಅಶೋಕನು ಪಟ್ಟಾಭಿಷೇಕದ ನಂತರದ 27ನೆಯ ವರ್ಷದಲ್ಲಿ ಬರೆಸಿದ ಏಳನೆಯ ಸ್ತಂಭಶಾಸನದಲ್ಲಿ ತನ್ನ ಅನುಭವದ ಸಾರವನ್ನು ಹೇಳಿಕೊಂಡಿದ್ದಾನೆ. ಪ್ರಾಣಿಗಳನ್ನು ಕೊಲ್ಲಬಾರದೆಂಬ ನಿಯಮಗಳಿಂದ ಆದದ್ದು ಅಲ್ಪ, ಜನರ ಮನವೊಲಿಸಿದ್ದರಿಂದ ಆದದ್ದು ಅಧಿಕ ಎಂಬುದು ಅವನ ಅಭಿಪ್ರಾಯ. ಆಲ್ಬನಿಯ ಇತಿಹಾಸವೂ ಅದನ್ನೇ ಸಾರುತ್ತದೆ. ಕಾಯಿದೆಯು ಬಾಗಿಲಿಗೆ ಬೀಗ ಹಾಕಿತು. ಬಾಗಿಲನ್ನು ಅದಕ್ಕೆ ಮೊದಲೇ ಮುಚ್ಚಿದವರು ಕೊಳ್ಳುವುದನ್ನು ಬಿಟ್ಟ ಗಿರಾಕಿಗಳು.